2 ಮೀಟರ್ ಆಳದ ನೆಲದ ಬಿಸಿ ಅಳೆದು ಭೂಶಾಖ ಹುಡುಕೋದು: ಪುತ್ತೂರಿನ ಮುರಕಲ್ಲಲ್ಲಿ ನಡೆಯುತ್ತಾ?

ಕುಮಾರಧಾರೆ
ಎಲ್ಲರಿಗೂ ನಮಸ್ಕಾರ. ಅಮೆರಿಕದ ನೆವಾಡಾದಲ್ಲಿ ಬಿಸಿನೀರು ಮೇಲೆ ಕಾಣದ ಜಾಗಗಳಲ್ಲೂ 2 ಮೀಟರ್ ಆಳಕ್ಕೆ ಕಬ್ಬಿಣದ ಕೊಳವೆ ಹೊಡೆದು, ಮಣ್ಣಿನ ಉಷ್ಣತೆ ಅಳೆದು ಭೂಶಾಖದ ನೆಲೆ ಪತ್ತೆ ಮಾಡ್ತಾರಲ್ಲ, ಅದನ್ನೇ ನಮ್ಮ ಪುತ್ತೂರು ತಾಲೂಕಿನ ಇರ್ದೆಯ ಬೆಂದ್ರ್ ತೀರ್ಥದ ಬಿಸಿನೀರ ಬುಗ್ಗೆಯ ಸುತ್ತ ಮಾಡಿದರೆ ಹೇಗೆ? ಎಂಎಸ್ಸಿ ಮಕ್ಕಳ ಫೀಲ್ಡ್ ಕೆಲಸಕ್ಕೆ ಅಂತ ಯೋಚನೆ. ಸದ್ಯದ ಪ್ಲಾನ್ ಇಷ್ಟು: ತೀರ್ಥವನ್ನು ನಡುವೆ ಇಟ್ಟು 1 ಚದರ ಕಿಮೀ, 100 ಮೀಟರ್‌ಗೆ ಒಂದರಂತೆ 121 ಪಾಯಿಂಟ್. ಮಣ್ಣು ಕೊರೆಯೋ 2 ಇಂಚಿನ ಕೈ ಆಗರ್‌ನಲ್ಲಿ ತೂತು, ಅದರೊಳಗೆ ಕೆ-ಟೈಪ್ ಥರ್ಮೋಕಪಲ್ (ಉಷ್ಣತೆ ಅಳೆಯೋ ತಂತಿ), ಮಲ್ಟಿಮೀಟರ್‌ನಲ್ಲಿ ಓದೋದು. ಪರೀಕ್ಷೆ ಮುಗಿದ ಮೇಲೆ, ಮೇ ಎರಡನೇ ವಾರ. ಎಲ್ಲಿ ಎಡವುತ್ತೇವೆ ಹೇಳಿ.

ಧಾರವಾಡ ಶಿಸ್ಟ್
ಎಲ್ಲಿ ಎಡವತೀರಿ ಅಂತ ಕೇಳಬ್ಯಾಡ್ರಿ ಸರ್ರ, ಎಲ್ಲಿ ಎಡವೂದಿಲ್ಲ ಅಂತ ಕೇಳ್ರಿ. ಆಗರ್, ಥರ್ಮೋಕಪಲ್, ಮೇ ತಿಂಗಳು, ಮೂರೂ ತಪ್ಪು. ಗ್ರಿಡ್ಡೂ ತಪ್ಪು. ವಿಚಾರ ಮಾತ್ರ ಚಲೋ ಐತಿ.

ರೀನೋ ರಂಗಣ್ಣ
ಶಿಸ್ಟ್ ಅವರೇ, ಪಾಪ ಸ್ವಲ್ಪ ಬಿಡಿಸಿ ಹೇಳೋಣ.

ಕುಮಾರಧಾರೆಯವರೇ, ಈ ಅಳತೆಗೆ ಭೂಮಿಯೊಳಗಿನ ಶಾಖ ಕಾಣೋದಿಲ್ಲ, ಮೇಲಕ್ಕೆ ಬರ್ತಿರೋ ಬಿಸಿನೀರು ಮಾತ್ರ ಕಾಣುತ್ತೆ. ನೆವಾಡಾದಂಥ ಕಡೆ ಒಳಗಿನಿಂದ ಬರೋ ಶಾಖ ಚದರ ಮೀಟರಿಗೆ 90 ಮಿಲಿವಾಟ್ ಅಂತ ಹಿಡಿಯಿರಿ, ಮಣ್ಣಿನ ಶಾಖವಾಹಕತೆ 1.5. ಅಂದರೆ ಮೇಲಿನಿಂದ 2 ಮೀಟರ್ ಇಳಿಯುವಷ್ಟರಲ್ಲಿ ಹೆಚ್ಚೋದು 0.12 ಡಿಗ್ರಿ. ಇದನ್ನ ಯಾರೂ ಹಿಡಿಯೋಕಾಗಲ್ಲ, ಮರದ ನೆರಳೇ ಅದಕ್ಕಿಂತ ಹತ್ತಿಪ್ಪತ್ತು ಪಟ್ಟು ಆಟ ಆಡಿಸುತ್ತೆ. ಆದರೆ ಬಿರುಕಿನ ಮೂಲಕ ಬಿಸಿನೀರು ಏರಿ ಬಂದು, 100 ಮೀಟರ್ ಆಳದಲ್ಲಿ 150 ಡಿಗ್ರಿ ಇದೆ ಅಂತಿಟ್ಟುಕೊಳ್ಳಿ. ಆಗ ಮೀಟರಿಗೆ 1.3 ಡಿಗ್ರಿ ಏರಿಕೆ, 2 ಮೀಟರ್‌ನಲ್ಲಿ 2.6 ಡಿಗ್ರಿ ಹೆಚ್ಚು. ಅದು ಕಾಣುತ್ತೆ.

1970ರ ದಶಕದಲ್ಲೇ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಸೋಡಾ ಲೇಕ್ಸ್ ಕಡೆ 1 ಮೀಟರ್ ಆಳದಲ್ಲಿ ಅಳೆದಿದ್ದರು. 2000ರ ದಶಕದ ಕೊನೆಯಲ್ಲಿ ರೀನೋದ ನೆವಾಡಾ ವಿಶ್ವವಿದ್ಯಾಲಯದ ತಂಡ ಅದನ್ನು 2 ಮೀಟರ್‌ಗೆ ಇಳಿಸಿ ಚುರುಕು ಮಾಡಿತು. ಡೆಸರ್ಟ್ ಕ್ವೀನ್, ಟೀಲ್ಸ್ ಮಾರ್ಷ್, ರೋಡ್ಸ್ ಮಾರ್ಷ್ ಎಲ್ಲಾ ಹಾಗೆ ಅಳೆದ ಜಾಗಗಳು. ಡೆಸರ್ಟ್ ಕ್ವೀನ್‌ನಲ್ಲಿ ಹಳೆಯ ಬೋರ್‌ಗಳಿಂದ ಬಿಸಿ ಎಲ್ಲಿದೆ ಅಂತ ಮೊದಲೇ ಗೊತ್ತಿತ್ತು, ಹಾಗಾಗಿ ಕ್ರಮ ಕೆಲಸ ಮಾಡುತ್ತಾ ಅಂತ ಒರೆಗೆ ಹಚ್ಚೋಕೆ ಅದು ಒಳ್ಳೆ ಜಾಗ ಆಯ್ತು.

ಬರೀ ಓದುಗ
ಕೊಳವೆ ಅಂದ್ರೆ ಎಷ್ಟು ದಪ್ಪ? ಪ್ಲಂಬಿಂಗ್ ಜಿಐ ಪೈಪ್ ಸಾಕಾ?

ರೀನೋ ರಂಗಣ್ಣ
ಜಿಐ ಪೈಪ್ ಬಾಗುತ್ತೆ, ತಲೆ ಹೂವಿನಂತೆ ಅರಳಿ ಬಿಡುತ್ತೆ. ಅಲ್ಲಿ ಬಳಸೋದು ಗಟ್ಟಿ ಉಕ್ಕಿನ ಸೀಮ್‌ಲೆಸ್ ಕೊಳವೆ, ಹೊರವ್ಯಾಸ ಸುಮಾರು 14 ಮಿಮೀ, ಉದ್ದ 2.2 ಮೀಟರ್‌ಗೆ ಸ್ವಲ್ಪ ಹೆಚ್ಚು. ತುದಿ ಮುಚ್ಚಿರಬೇಕು, ಟಂಗ್‌ಸ್ಟನ್ ಕಾರ್ಬೈಡ್ ಮೂತಿ ಬೆಸೆದಿರಬೇಕು. ಕಟ್ಟಡ ಒಡೆಯೋ ಬ್ರೇಕರ್ ಮಷಿನ್‌ಗೆ ಕೊಳವೆಯ ತಲೆ ಕೂರುವಂಥ ಒಂದು ಅಡಾಪ್ಟರ್ ಲೇತ್‌ನಲ್ಲಿ ಮಾಡಿಸಿ, ಜೊತೆಗೊಂದು ಸಣ್ಣ ಜನರೇಟರ್. ಮೆದು ಮಣ್ಣಾದರೆ ಕೆಲವೇ ನಿಮಿಷದಲ್ಲಿ ಇಳಿಯುತ್ತೆ. ಒಂದು ಗಂಟೆ ಬಿಟ್ಟು ಓದಬೇಕು. 12 ಕೊಳವೆ ಇದ್ದರೆ ಹೊಡೆದುಕೊಂಡು ಮುಂದೆ ಹೋಗಿ, ವಾಪಸ್ ಬರ್ತಾ ಓದಿ ಕೀಳಬಹುದು. ಇಬ್ಬರಿಗೆ ದಿನಕ್ಕೆ 15–20 ಪಾಯಿಂಟ್ ಆರಾಮ.

ಕುಮಾರಧಾರೆ
ಆಗರ್ ಯಾಕೆ ಬೇಡ? ತೂತು ತೂತೇ ಅಲ್ವಾ ಮಾರಾಯ್ರೆ. ಇಲ್ಲಿ ಬ್ರೇಕರ್ ಬಾಡಿಗೆಗೆ ತರೋದು ದೊಡ್ಡದಲ್ಲ, ಆದರೆ ಜನರೇಟರ್ ಹೊತ್ತು ಗುಡ್ಡ ಹತ್ತೋದು ಯಾರು?

ಮಿಲಿಓಮ್
ತೂತು ದಪ್ಪ ಆದಷ್ಟೂ ಕಾಯಬೇಕಾದ ಹೊತ್ತು ಬೆಳೆಯುತ್ತೆ, ಅದೂ ವ್ಯಾಸದ ವರ್ಗಕ್ಕೆ. ಹೊಡೆಯುವಾಗ ಹುಟ್ಟಿದ ಬಿಸಿ (ಅಥವಾ ಆಗರ್‌ನಿಂದ ಒಳಹೊಕ್ಕ ಗಾಳಿಯ ಬಿಸಿ) ಸುತ್ತಲಿನ ಮಣ್ಣಿಗೆ ಹರಡಿ ಹೋಗಬೇಕಲ್ಲ, ತಡವಾದ ಮೇಲೆ ಉಳಿಯುವ ತಪ್ಪು ಸುಮಾರು ಇಷ್ಟು: ಮೊದಲಿನ ಏರಿಕೆ × ತ್ರಿಜ್ಯದ ವರ್ಗ ÷ (4 × ಉಷ್ಣ ವಿಸರಣೆ × ಕಾಲ). ಉಷ್ಣ ವಿಸರಣೆ ಅಂದ್ರೆ ಮಣ್ಣಲ್ಲಿ ಶಾಖ ಎಷ್ಟು ಬೇಗ ಹರಡುತ್ತೆ ಅನ್ನೋ ಅಂಕಿ.

14 ಮಿಮೀ ಕೊಳವೆ, ಹೊಡೆದಾಗ 20 ಡಿಗ್ರಿ ಏರಿತು ಅನ್ನಿ. ಒಂದು ಗಂಟೆಗೆ ಉಳಿಯೋದು 0.14 ಡಿಗ್ರಿ. 2 ಇಂಚಿನ ಆಗರ್ ತೂತು, ಬರೀ 10 ಡಿಗ್ರಿ ಕದಡಿತು ಅನ್ನಿ. ಒಂದು ಗಂಟೆಗೆ 0.9 ಡಿಗ್ರಿ ಉಳಿದಿರುತ್ತೆ, 0.1ಕ್ಕೆ ಇಳಿಯೋಕೆ ಎಂಟೊಂಬತ್ತು ಗಂಟೆ ಬೇಕು. ಅದೂ ತೂತನ್ನು ಮಣ್ಣಿಂದ ತುಂಬಿದರೆ. ತೆರೆದಿಟ್ಟರೆ ಒಳಗಿನ ಗಾಳಿ ರಾತ್ರಿಯಿಡೀ ಮೇಲೆ ಕೆಳಗೆ ಸುತ್ತುತ್ತೆ, ಓದು ಎಂದೂ ನಿಲ್ಲಲ್ಲ. 121 ಪಾಯಿಂಟ್‌ಗೆ ನಿಮ್ಮ ಸೆಮಿಸ್ಟರೇ ಮುಗಿಯುತ್ತೆ.

ಇನ್ನು ಕೆ-ಟೈಪ್. ಅದರ ಸಾಮಾನ್ಯ ತಾಳಿಕೆ (ಎಷ್ಟು ತಪ್ಪು ತೋರಿಸಬಹುದು ಅನ್ನೋದು) ±2.2 ಡಿಗ್ರಿ. ಹುಡುಕ್ತಿರೋ ಮೀನು 1–2 ಡಿಗ್ರಿ. ಬಲೆಯ ಕಣ್ಣು ಮೀನಿಗಿಂತ ದೊಡ್ಡದು. ಪಿಟಿ-100 ಅನ್ನೋ ಪ್ಲಾಟಿನಂ ಸೆನ್ಸರ್, ಎ ದರ್ಜೆ, ನಾಲ್ಕು ತಂತಿಯದು ತಗೊಳ್ಳಿ.

ಧಾರವಾಡ ಶಿಸ್ಟ್
ನಾಕು ತಂತಿ ಅಂದಕೂಡ್ಲೇ ನಮ್ಮ ಕಡೆ ಮಂದಿಗೆ ಬ್ಯಾರೇನ ನೆನಪಾಗ್ತದ ನೋಡ್ರಿ.

ಮಿಲಿಓಮ್
ಬೇಂದ್ರೆ ಅಜ್ಜನ ನಾಕು ತಂತಿ ಬೇರೆ, ಇದು ಬೇರೆ 😀 ಎರಡು ತಂತಿಯದು ಹಾಕಿದರೆ ಏನಾಗುತ್ತೆ ನೋಡಿ. ಪಿಟಿ-100 ಒಂದು ಡಿಗ್ರಿಗೆ 0.385 ಓಮ್ ಬದಲಾಗುತ್ತೆ. 3 ಮೀಟರ್ ಸಣ್ಣ ತಾಮ್ರದ ತಂತಿ ಹೋಗಿ ಬರೋಕೆ ಸುಮಾರು ಅರ್ಧ ಓಮ್. ಅಲ್ಲಿಗೇ 1.3 ಡಿಗ್ರಿ ಸುಳ್ಳು. ಅದು ಸದಾ ಅಷ್ಟೇ ಇದ್ದಿದ್ದರೆ ಕಳೆದುಬಿಡಬಹುದಿತ್ತು. ಆದರೆ ಮೇಲೆ ಬಿಸಿಲಲ್ಲಿ ಬಿದ್ದ ತಂತಿ 30 ಡಿಗ್ರಿ ಕಾದರೆ ಆ ಸುಳ್ಳೇ ಇನ್ನೂ 0.15 ಜಾರುತ್ತೆ.

ದುಡ್ಡಿಲ್ಲ ಅಂದ್ರೆ ಉಷ್ಣತೆ ಅಳೆಯೋ ಡಿಎಸ್18ಬಿ20 ಚಿಪ್. ಉಕ್ಕಿನ ಟೋಪಿ ಹಾಕಿದ್ದು 6 ಮಿಮೀ ದಪ್ಪ, ಕೊಳವೆಯ ಒಳಗೆ ಹೋಗುತ್ತೆ. ಬರೆದಿರೋ ತಾಳಿಕೆ ±0.5, ಆದರೆ ಪ್ರತಿಯೊಂದನ್ನೂ ಐಸ್ ಸ್ನಾನದಲ್ಲಿ ಮತ್ತು 30–35 ಡಿಗ್ರಿಯ ಬಕೆಟ್ ನೀರಲ್ಲಿ ಒಳ್ಳೆ ಪಾದರಸದ ಥರ್ಮಾಮೀಟರ್ ಪಕ್ಕ ಇಟ್ಟು ತಿದ್ದುಪಡಿ ಬರೆದಿಟ್ಟರೆ 0.1ಕ್ಕೆ ಬರುತ್ತೆ. ಐಸ್ ಸ್ನಾನ ಅಂದ್ರೆ ನೀರಲ್ಲಿ ನಾಲ್ಕು ತುಂಡು ಐಸ್ ಅಲ್ಲ. ಥರ್ಮಾಸ್ ತುಂಬ ಪುಡಿ ಐಸ್, ಸಂದು ತುಂಬುವಷ್ಟು ಮಾತ್ರ ಡಿಸ್ಟಿಲ್ಡ್ ನೀರು, ಐಸ್ ತೇಲಬಾರದು. ತೇಲಿದರೆ ತಳದಲ್ಲಿ 4 ಡಿಗ್ರಿ ನೀರು ಕೂತಿರುತ್ತೆ, ಸೆನ್ಸರ್ ಅದನ್ನೇ ಸೊನ್ನೆ ಅಂದುಕೊಳ್ಳುತ್ತೆ.

ಗ್ನೈಸ್ ಗೌರಿ
ಸಲಕರಣೆ ಎಲ್ಲ ಸರಿ. ಆದರೆ ಇಲ್ಲಿನ ತೊಂದರೆ ಸೆನ್ಸರ್ ಅಲ್ಲ, ನೆಲ. ನೆವಾಡಾದಲ್ಲಿ ಮರ ಇಲ್ಲ, ಮಳೆ ಇಲ್ಲ, ಮೈಲುಗಟ್ಟಲೆ ಒಂದೇ ಥರದ ಬೋಳು ಬಯಲು. ಪುತ್ತೂರಲ್ಲಿ ನೂರು ಹೆಜ್ಜೆಗೆ ಅಡಿಕೆ ತೋಟ, ಪಕ್ಕದಲ್ಲಿ ಗೇರುಗುಡ್ಡೆ, ಅದರಾಚೆ ಬೋಳು ಮುರಕಲ್ಲಿನ (ಜಂಬಿಟ್ಟಿಗೆಯ) ಪದವು, ಅಂದ್ರೆ ಚಪ್ಪಟೆ ಗುಡ್ಡ, ಕೆಳಗೆ ಗದ್ದೆ. ಸ್ಪ್ರಿಂಕ್ಲರ್ ನೀರು ಬೀಳೋ ತೋಟದ ನೆರಳಿನ ಮಣ್ಣಿಗೂ ಬಿಸಿಲಿಗೆ ಒಡ್ಡಿದ ಕಪ್ಪು ಮುರಕಲ್ಲಿಗೂ ವರ್ಷದ ಸರಾಸರಿಯಲ್ಲೇ ಹಲವು ಡಿಗ್ರಿ ವ್ಯತ್ಯಾಸ. 100 ಮೀಟರ್ ಗ್ರಿಡ್ ಹಾಕಿ ಬಣ್ಣದ ನಕ್ಷೆ ಬರೆದರೆ ಸಿಗೋದು ತೋಟದ ನಕ್ಷೆ. ಅದಕ್ಕೆ ತೋಟದ ಆರ್‌ಟಿಸಿ ಸಾಕು.

ರೀನೋ ರಂಗಣ್ಣ
ಹಾಗೇನಿಲ್ಲ ಮೇಡಂ, ನೆವಾಡಾದಲ್ಲೂ ನೆಲ ಒಂದೇ ಥರ ಇಲ್ಲ. ಬಿಳಿ ಉಪ್ಪಿನ ಪ್ಲಾಯಾ (ಒಣಗಿದ ಕೆರೆಯ ತಳ) ಬಿಸಿಲನ್ನು ವಾಪಸ್ ಎಸೆಯುತ್ತೆ, ಪಕ್ಕದ ಕಪ್ಪು ಬಸಾಲ್ಟ್ ನುಂಗುತ್ತೆ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಬೆಚ್ಚಗೆ, ಉತ್ತರದ್ದು ತಣ್ಣಗೆ. ಅದಕ್ಕೇ ಟೆರಾ ಉಪಗ್ರಹದ ಆಸ್ಟರ್ ಉಪಕರಣದ ಚಿತ್ರದಿಂದ ಪ್ರತಿಫಲನ ತೆಗೆದು, ಎತ್ತರ, ಇಳಿಜಾರು ಎಲ್ಲ ಸೇರಿಸಿ ತಿದ್ದುತ್ತಾರೆ. ಕೊನೆಗೆ ನಕ್ಷೆಯಲ್ಲಿ ಹಾಕೋದು ನೇರ ಉಷ್ಣತೆ ಅಲ್ಲ, ‘ಹಿನ್ನೆಲೆಗಿಂತ ಎಷ್ಟು ಡಿಗ್ರಿ ಹೆಚ್ಚು’ ಅನ್ನೋದು. ಇಡೀ ಕೆಲಸದ ಮುಕ್ಕಾಲು ಪಾಲು ಈ ಹಿನ್ನೆಲೆ ಯಾವುದು ಅಂತ ನಿರ್ಧರಿಸೋದೇ.

ಗ್ನೈಸ್ ಗೌರಿ
ಬಿಸಿಲನ್ನ ತಿದ್ದಬಹುದು ರಂಗಣ್ಣ. ಮಳೆಯನ್ನ ಹೇಗೆ ತಿದ್ದುತ್ತೀರಿ? ಕರಾವಳಿಯಲ್ಲಿ ನಾಲ್ಕು ತಿಂಗಳಿಗೆ 3000 ಮಿಮೀ ಮೇಲೆ ಸುರಿಯುತ್ತೆ. ಅದರಲ್ಲಿ 1 ಮೀಟರ್ ಮಾತ್ರ ಇಂಗಿತು ಅಂತ ಲೆಕ್ಕ ಹಾಕಿ. ನೀರಿನ ಶಾಖಧಾರಣೆ ಘನಮೀಟರಿಗೆ 4.2 ಮೆಗಾಜೂಲ್, ಒದ್ದೆ ಮಣ್ಣಿಂದು 2.5ರಷ್ಟು. ಅಂದರೆ ಮಳೆನೀರಿನ ತಂಪು ಸುಮಾರು 1.7 ಮೀಟರ್ ಕೆಳಗೆ ತಳ್ಳಿಕೊಂಡು ಹೋಗಿರುತ್ತೆ. ನಿಮ್ಮ ಕೊಳವೆಯ ತುದಿ ಇರೋದು ಹೆಚ್ಚುಕಡಿಮೆ ಅಲ್ಲೇ. ಇನ್ನೂ ಹೆಚ್ಚು ಇಂಗಿದ ಕಡೆ ಇನ್ನೂ ಕೆಳಗೆ. ಒಂದೇ ಗುಡ್ಡದಲ್ಲಿ ಬಿರುಕಿರೋ ಕಡೆ ಹೆಚ್ಚು ಇಂಗುತ್ತೆ. ಬಿಸಿನೀರು ಮೇಲೆ ಬರೋಕೆ ಬೇಕಾಗಿರೋದೂ ಅದೇ ಬಿರುಕು! ಹುಡುಕೋ ಜಾಗದಲ್ಲೇ ಮಳೆ ಗುರುತು ಅಳಿಸುತ್ತೆ.

ರೀನೋ ರಂಗಣ್ಣ
ಇದು ಒಪ್ಪೋ ಮಾತು. ಅಮೆರಿಕದಲ್ಲೂ ಇದಕ್ಕೆ ದೊಡ್ಡ ಉದಾಹರಣೆ ಇದೆ: ಐಡಾಹೋದ ಸ್ನೇಕ್ ನದಿ ಬಯಲಿನ ಪೂರ್ವ ಭಾಗ. ಕೆಳಗೆ ಶಾಖ ಜೋರಾಗಿದೆ, ಮೇಲೆ ಬಸಾಲ್ಟ್‌ನೊಳಗೆ ತಣ್ಣೀರು ಅಡ್ಡಡ್ಡ ಹರಿದು ಎಲ್ಲಾ ಹೊತ್ತುಕೊಂಡು ಹೋಗುತ್ತೆ. 2 ಮೀಟರ್ ಅಲ್ಲ, 100 ಮೀಟರ್ ಬೋರ್ ಹಾಕಿದರೂ ಅಲ್ಲಿ ಮೋಸ ಹೋಗಬಹುದು. ಹಾಗಾಗಿ 2 ಮೀಟರ್‌ನಲ್ಲಿ ಬಿಸಿ ಸಿಕ್ಕರೆ ಅದಕ್ಕೆ ಬೆಲೆ ಇದೆ, ಸಿಗದಿದ್ದರೆ ‘ಇಲ್ಲ’ ಅಂತ ಬರೆಯೋ ಹಾಗಿಲ್ಲ.

ಒರತೆ
ಒಂದು ಲಾಭವನ್ನ ಯಾರೂ ಹೇಳಲಿಲ್ಲ. ಕರಾವಳಿಯಲ್ಲಿ ಋತುಮಾನದ ಏರಿಳಿತ ಕಡಿಮೆ. ವರ್ಷದ ಅಲೆ ಒಣ ಮಣ್ಣಲ್ಲಿ 2.2 ಮೀಟರ್‌ಗೆ ಮೂರರಲ್ಲಿ ಒಂದು ಪಾಲಿನಷ್ಟಾಗುತ್ತೆ. 2 ಮೀಟರ್‌ನಲ್ಲಿ ಇನ್ನೂ ಶೇ 40 ಉಳಿದಿರುತ್ತೆ. ನೆವಾಡಾದಲ್ಲಿ ಮೇಲ್ಮೈಯ ವಾರ್ಷಿಕ ತೂಗಾಟ ±13 ಡಿಗ್ರಿ ಅಂತಿಟ್ಟುಕೊಂಡರೆ 2 ಮೀಟರ್‌ನಲ್ಲಿ ±5ಕ್ಕೆ ಮೇಲೆ. ವಸಂತದಲ್ಲಿ ದಿನಕ್ಕೆ 0.09 ಡಿಗ್ರಿ ಜಾರುತ್ತೆ, ಹತ್ತು ದಿನ ಸರ್ವೆ ಮಾಡಿದರೆ ಮೊದಲ ದಿನಕ್ಕೂ ಕೊನೆ ದಿನಕ್ಕೂ 0.9. ನಮ್ಮಲ್ಲಿ ತೂಗಾಟ ±2.5, ಜಾರೋದು ದಿನಕ್ಕೆ 0.02. ಬೇಸ್ ಸ್ಟೇಷನ್ (ಜಾರಿದ್ದನ್ನ ತಿದ್ದೋಕೆ ದಿನಾ ಓದೋ ಒಂದೇ ಪಾಯಿಂಟ್) ಕಾಟ ಬಹಳ ಇಲ್ಲ.

ಬರೀ ಓದುಗ
ಹಗಲು ರಾತ್ರಿ ವ್ಯತ್ಯಾಸ? ಮಧ್ಯಾಹ್ನ ಅಳೆದದ್ದೂ ಬೆಳಿಗ್ಗೆ ಅಳೆದದ್ದೂ ಒಂದೇನಾ?

ಒರತೆ
ದಿನದ ಅಲೆ 12 ಸೆಂಮೀನಲ್ಲೇ ಮೂರರಲ್ಲಿ ಒಂದಾಗುತ್ತೆ. 1 ಮೀಟರ್‌ಗೆ ಐದು ಸಾವಿರದಲ್ಲಿ ಒಂದು. ಮರೆತುಬಿಡಿ.

ಮಿಲಿಓಮ್
ಮಣ್ಣು ಮರೆಯುತ್ತೆ, ಕೊಳವೆ ಮರೆಯಲ್ಲ. ನೆಲದ ಮೇಲೆ ಒಂದು ಗೇಣು ಚಾಚಿಕೊಂಡಿರೋ ಉಕ್ಕು ಬಿಸಿಲಿಗೆ ಕಾಯುತ್ತೆ, ರಾತ್ರಿ ತಣ್ಣಗಾಗುತ್ತೆ. ಮೇಲೆ ತಣ್ಣಗೆ, ಕೆಳಗೆ ಬೆಚ್ಚಗೆ ಆದಾಗ ಕೊಳವೆಯೊಳಗಿನ ಗಾಳಿ ಸುತ್ತು ಹೊಡೆಯೋಕೆ ಶುರು. ಸೆನ್ಸರ್ ತಂತಿಗೆ ಅರ್ಧ ಅರ್ಧ ಮೀಟರ್‌ಗೆ ಒಂದೊಂದು ಫೋಮ್ ಬಿಲ್ಲೆ ಚುಚ್ಚಿ ಇಳಿಸಿ, ಬಾಯಿಗೆ ಬಟ್ಟೆ ತುರುಕಿ, ಮೇಲೆ ಬಿಳಿ ಬಕೆಟ್ ಮಗುಚಿ ಹಾಕಿ. ಸೆನ್ಸರ್ ತುದಿ ತಳಕ್ಕೆ ತಾಕಿರಬೇಕು.

ಓದೋದನ್ನ ಎರಡು ಸಲ ಓದಿ, ಹೊಡೆದು 30 ನಿಮಿಷಕ್ಕೆ ಒಮ್ಮೆ, 60ಕ್ಕೆ ಇನ್ನೊಮ್ಮೆ. ಉಳಿದ ತಪ್ಪು ಕಾಲಕ್ಕೆ ವಿಲೋಮವಾಗಿ ಇಳಿಯೋದರಿಂದ, ಎರಡರ ವ್ಯತ್ಯಾಸವನ್ನ 60ರ ಓದಿನಿಂದ ಇನ್ನೊಮ್ಮೆ ಕಳೆದರೆ ನಿಜವಾದ ಉಷ್ಣತೆ. ಉದಾಹರಣೆಗೆ 27.62, ಆಮೇಲೆ 27.48. ವ್ಯತ್ಯಾಸ 0.14. ಉತ್ತರ 27.34. ವ್ಯತ್ಯಾಸ 0.3 ದಾಟಿದರೆ ಏನೋ ಎಡವಟ್ಟಾಗಿದೆ, ಇನ್ನೊಂದು ಗಂಟೆ ಬಿಡಿ.

ಧಾರವಾಡ ಶಿಸ್ಟ್
ಇದು ಛಲೋ ಉಪಾಯ. ಆದ್ರ ಒಣ ಮರಳಿನ್ಯಾಗ ಹಿಡಿಯೂದಿಲ್ಲರೀ. ಕೊಳವಿ ಸುತ್ತ ಮರಳು ಸಡಿಲಾಗಿ ಗಾಳಿ ಸಂದು ಉಳೀತದ, ಕೊಳವಿಗೂ ಮಣ್ಣಿಗೂ ಮೈ ಹತ್ತೂದಿಲ್ಲ. ಅಲ್ಲಿ ಒಂದೂವರಿ ಎರಡು ತಾಸು ಬಿಡಬೇಕು.

ಮಿಲಿಓಮ್
ಸರಿ, ಒಪ್ಪಿದೆ. ಸಂದಿದ್ದರೆ ಸೂತ್ರ ಕೆಲಸ ಮಾಡಲ್ಲ.

ಪದವು
ಮುರಕಲ್ಲಲ್ಲಿ 14 ಮಿಮೀ ಕೊಳವೆ ಇಳಿಯುತ್ತೆ ಅಂತ ಯಾರು ಹೇಳಿದ್ದು? ಮೇಲಿನ ಒಂದೂವರೆ ಮೀಟರ್ ಕಬ್ಬಿಣದಂಥ ತೊಗಟೆ, ಅದರ ಕೆಳಗೆ ಮೆದು ಜೇಡಿ. ತೊಗಟೆಯಲ್ಲಿ ಮೂತಿ ಮುರಿಯುತ್ತೆ. ಮೊದಲು ಕಲ್ಲು ಕೊರೆಯೋ ಎಸ್‌ಡಿಎಸ್-ಮ್ಯಾಕ್ಸ್ ಡ್ರಿಲ್‌ಗೆ 16 ಮಿಮೀ ಉದ್ದನೆ ಬಿಟ್ ಹಾಕಿ ತೊಗಟೆ ದಾಟಬೇಕು, ಆಮೇಲೆ ಕೊಳವೆ ಹೊಡೀಬೇಕು. ಬಿಟ್ ಉಜ್ಜಿದ ಬಿಸಿಗೆ ಕಾಯೋದನ್ನೂ ಸೇರಿಸಿ. ಇನ್ನೊಂದು ತಲೆನೋವು ಅಂದ್ರೆ ಮುರಕಲ್ಲಿನ ಒಳಗಿನ ಟೊಳ್ಳು. ಬೆರಳು ಹೋಗುವಂಥ ಸುರಂಗಗಳಲ್ಲಿ ಗಾಳಿ ಓಡಾಡುತ್ತೆ. 2 ಮೀಟರ್ ಆಳ ಅಂತ ನೀವು ಅಂದುಕೊಂಡದ್ದು ಉಷ್ಣತೆಯ ಲೆಕ್ಕದಲ್ಲಿ ಅರ್ಧ ಮೀಟರೂ ಇರಲಿಕ್ಕಿಲ್ಲ.

ಕುಮಾರಧಾರೆ
ಅಯ್ಯೋ ದೇವರೇ. ಹಾಗಾದ್ರೆ ಉಪಗ್ರಹದ ಥರ್ಮಲ್ ಚಿತ್ರದಲ್ಲೇ ನೋಡಿದರೆ ಆಗೋದಿಲ್ವಾ? ಲ್ಯಾಂಡ್‌ಸ್ಯಾಟ್ ಪುಕ್ಕಟೆ ಸಿಗುತ್ತಲ್ಲ.

ಒರತೆ
ರಂಗಣ್ಣ ಹೇಳಿದ ಆ ಜೋರು ಉದಾಹರಣೆಯನ್ನೇ ತಗೊಳ್ಳಿ, ಮೀಟರಿಗೆ 1.3 ಡಿಗ್ರಿ. ಮೇಲ್ಮೈಗೆ ಬರೋ ಶಾಖ ಚದರ ಮೀಟರಿಗೆ 2 ವಾಟ್. ಗಾಳಿ ಮತ್ತು ವಿಕಿರಣ ಸೇರಿ ಒಂದು ಡಿಗ್ರಿಗೆ 10–15 ವಾಟ್ ಹೊತ್ತೊಯ್ಯುತ್ತೆ. ಮೇಲ್ಮೈ ಬೆಚ್ಚಗಾಗೋದು 0.2 ಡಿಗ್ರಿ ಒಳಗೇ. ಮೋಡ, ಇಬ್ಬನಿ, ಎಲೆ ಎಲ್ಲದರ ನಡುವೆ ಅದು ಎಲ್ಲಿ ಕಾಣಬೇಕು? ಲ್ಯಾಂಡ್‌ಸ್ಯಾಟ್‌ನ ಥರ್ಮಲ್ ಚುಕ್ಕೆ 100 ಮೀಟರ್ ಅಗಲ ಬೇರೆ. ಹೊಗೆಯಾಡೋ ನೆಲ ಇದ್ದರೆ ಮಾತ್ರ ಕಾಣುತ್ತೆ, ಅದಕ್ಕೆ ಉಪಗ್ರಹ ಯಾಕೆ, ಕಣ್ಣೇ ಸಾಕು.

ಬರೀ ಓದುಗ
ಅಂದಹಾಗೆ ‘ಭೂಶಾಖ’ ಅಂತೀರಿ, ಪೇಪರ್‌ನಲ್ಲಿ ‘ಭೂತಾಪ ವಿದ್ಯುತ್’ ಅಂತ ಬರುತ್ತೆ. ಯಾವುದು ಸರಿ?

ಪದವು
ನಮ್ಮ ಊರಲ್ಲಿ ‘ಭೂತಾಪ’ ಅಂದ್ರೆ ಭೂತಕ್ಕೆ ತಾಪ ಬಂದಿದೆ, ಕೋಲ ಕೊಡಿಸಿ ಅಂತಾರೆ. ಭೂಶಾಖ ಇರಲಿ.

ಧಾರವಾಡ ಶಿಸ್ಟ್
ಭೂತಾಪ ಅಂದ್ರ ಹವಾಮಾನದ ಭಾಷಣ ಅನ್ಕೋತಾರ ಮಂದಿ. ಭೂಶಾಖನ ಇರ್ಲಿ.

ಈಗ ಎಲ್ಲಾರಿಗೂ ಒಂದು ಕಹಿ ಮಾತು. ಪುತ್ತೂರಾಗ ಕರೆಂಟ್ ಬರೂ ಭೂಶಾಖ ಇಲ್ಲ. ಧಾರವಾಡ ಕ್ರೇಟಾನ್ ಅಂದ್ರ ಹಳೇ, ತಣ್ಣನ್ನ ನೆಲ. ಹೈದರಾಬಾದಿನ ಎನ್‌ಜಿಆರ್‌ಐ (ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ) ಮಂದಿ ಬೋರ್‌ಗಳೊಳಗ ಅಳದದ್ದು ಚದರ ಮೀಟರಿಗೆ ಹೆಚ್ಚೂಕಮ್ಮಿ 30–40 ಮಿಲಿವಾಟ್. ಕಲ್ಲಿನ ವಾಹಕತೆ 3 ಹಿಡದ್ರ ಕಿಲೋಮೀಟರಿಗೆ 10–13 ಡಿಗ್ರಿ ಏರತದ. ಬೆಂದ್ರ್ ತೀರ್ಥದ ನೀರು 40ರ ಆಸುಪಾಸು, ಅಲ್ಲಿನ ಸರಾಸರಿ 27. ಆ 13 ಡಿಗ್ರಿ ಗಳಸಾಕ ಮಳಿನೀರು ಬಿರುಕಿನ್ಯಾಗ ಒಂದು ಕಿಲೋಮೀಟರ್ ಇಳದು ಮತ್ತ ಏರಿ ಬಂದಿರಬೇಕು. ಇಷ್ಟ ಕಥಿ. ಮ್ಯಾಗ್ಮಾನೂ ಇಲ್ಲ, ಗಿಗ್ಮಾನೂ ಇಲ್ಲ.

ಕುಮಾರಧಾರೆ
ಕರೆಂಟ್ ಆಸೆ ನಮಗೂ ಇಲ್ಲ ಸರ್. ಆದರೂ ಅಲಾಸ್ಕಾದ ಚೇನಾದಲ್ಲಿ 74 ಡಿಗ್ರಿ ನೀರಿಂದಲೇ ಕರೆಂಟ್ ತೆಗೀತಾರೆ ಅಂತ ಓದಿದ್ದೆ.

ರೀನೋ ರಂಗಣ್ಣ
2006ರಿಂದ ತೆಗೀತಾರೆ, ನಿಜ. ಆದರೆ ಅಲ್ಲಿ ತಂಪು ಮಾಡೋಕೆ ಹಿಮದಂಥ ತಣ್ಣೀರು ಪುಕ್ಕಟೆ ಇದೆ. ಬಿಸಿಗೂ ತಂಪಿಗೂ 65–70 ಡಿಗ್ರಿ ಅಂತರ. ಪುತ್ತೂರಲ್ಲಿ 40 ಡಿಗ್ರಿ ನೀರು, 27 ಡಿಗ್ರಿ ಹೊಳೆ. ಪಂಪ್ ತಿರುಗಿಸೋಕೇ ಸಾಲದು. ಹಾಗಂತ ಸರ್ವೆ ದಂಡ ಅಲ್ಲ. ಬಿಸಿನೀರು ಯಾವ ಬಿರುಕಿನಿಂದ, ಯಾವ ದಿಕ್ಕಲ್ಲಿ ಬರ್ತಿದೆ ಅನ್ನೋದು ಸಿಕ್ಕರೆ ಅದೇ ಒಳ್ಳೆ ಪಾಠ.

ಗ್ನೈಸ್ ಗೌರಿ
ಸಿಲಿಕಾ ಥರ್ಮಾಮೀಟರ್ (ನೀರಲ್ಲಿ ಕರಗಿದ ಸಿಲಿಕಾದಿಂದ ಆಳದ ಬಿಸಿ ಲೆಕ್ಕ ಹಾಕೋದು) ಅಂತ ಯಾರಾದರೂ ಹೇಳೋ ಮುಂಚೆ ನಾನೇ ಹೇಳ್ತೀನಿ. 1309 ಅನ್ನು, 5.19ರಿಂದ ಸಿಲಿಕಾ ಮಿಲಿಗ್ರಾಂನ ಲಾಗ್ ಕಳೆದು ಉಳಿದದ್ದರಿಂದ ಭಾಗಿಸಿ 273 ಕಳೆದರೆ ಆಳದ ಉಷ್ಣತೆ ಅಂತ ಕ್ವಾರ್ಟ್ಜ್ ಸೂತ್ರ ಇದೆಯಲ್ಲ. ಲೀಟರಿಗೆ 50 ಮಿಲಿಗ್ರಾಂ ಹಾಕಿ, 102 ಡಿಗ್ರಿ ಬರುತ್ತೆ. ಆದರೆ ನಮ್ಮ ಗ್ರಾನೈಟ್, ಗ್ನೈಸ್ ಊರುಗಳ ಮಾಮೂಲಿ ತಣ್ಣನೆ ಬೋರ್‌ವೆಲ್ ನೀರಲ್ಲೇ ಕಲ್ಲು ಕೊಳೆತು 40–60 ಸಿಲಿಕಾ ಇರುತ್ತೆ. ಆ ಸೂತ್ರ ನಂಬಿದರೆ ಊರ ಬೋರ್‌ವೆಲ್ ಎಲ್ಲಾ ಕುದಿಯಬೇಕಿತ್ತು. ತೀರ್ಥದ ನೀರನ್ನ ಪಕ್ಕದ ತಣ್ಣೀರಿನ ಬಾವಿಗಳ ಜೊತೆ ಹೋಲಿಸಿ ನೋಡಿ. ಫ್ಲೋರೈಡ್, ಸೋಡಿಯಂ, ವಿದ್ಯುತ್‌ವಾಹಕತೆ ಬೇರೆ ಇದೆಯಾ ಅಂತ. ಸೂತ್ರ ಆಮೇಲೆ.

ಬರೀ ಓದುಗ
ಹಾಗಾದ್ರೆ ಭಾರತದಲ್ಲಿ ಈ 2 ಮೀಟರ್ ಕೊಳವೆ ಎಲ್ಲೂ ನಡೆಯಲ್ವಾ?

ಒರತೆ
ಲಡಾಖಿನ ಪುಗಾ. 4400 ಮೀಟರ್ ಎತ್ತರ, ಮಳೆ ಇಲ್ಲ, ಮರ ಇಲ್ಲ, ನೆಲದ ಮೇಲೆ ಬೋರಾಕ್ಸ್ ಮತ್ತು ಗಂಧಕ. ಬುಗ್ಗೆಯ ನೀರು 84 ಡಿಗ್ರಿ, ಆ ಎತ್ತರಕ್ಕೆ ಅದೇ ಹೆಚ್ಚುಕಡಿಮೆ ಕುದಿಬಿಂದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು (ಜಿಎಸ್‌ಐ) ಅಲ್ಲಿ 34 ಬೋರ್ ಕೊರೆದರು, ಅತಿ ಆಳದ್ದು 384.7 ಮೀಟರ್. 2021ರ ಫೆಬ್ರುವರಿಯಲ್ಲಿ 1 ಮೆಗಾವಾಟ್ ಸ್ಥಾವರಕ್ಕೆ ಒಎನ್‌ಜಿಸಿ ಒಪ್ಪಂದವಾಯ್ತು. ಅಂಥ ಕಡೆ 2 ಮೀಟರ್‌ನಲ್ಲಿ ಹತ್ತಾರು ಡಿಗ್ರಿ ವ್ಯತ್ಯಾಸ, ಯಾವ ತಿದ್ದುಪಡಿಯೂ ಬೇಡ. ಆದರೆ ಅಲ್ಲಿನ ಕಷ್ಟ ಬೇರೆ. ಬುಗ್ಗೆಯಿಂದ ದೂರದ ಒದ್ದೆ ನೆಲ ಚಳಿಗಾಲಕ್ಕೆ ಹೆಪ್ಪುಗಟ್ಟುತ್ತೆ, ಕರಗುವಾಗ ವಾರಗಟ್ಟಲೆ 0 ಡಿಗ್ರಿಯಲ್ಲೇ ನಿಂತಿರುತ್ತೆ. ಆಗ ಹಿನ್ನೆಲೆ ಅಂತ ಅಳೆದದ್ದು ಹಿನ್ನೆಲೆ ಅಲ್ಲ. ಆಗಸ್ಟ್ ಕೊನೆ, ಸೆಪ್ಟೆಂಬರ್ ಒಳ್ಳೇದು.

ರೀನೋ ರಂಗಣ್ಣ
ಪುಗಾದಂಥ ಜಾಗಕ್ಕೆ ಎಚ್ಚರಿಕೆಯೂ ಸೇರಿಸಿ. ಬಿಳಿ ತೊಗಟೆಯ ಕೆಳಗೆ ಕುದಿಯೋ ಕೆಸರಿರಬಹುದು. ಕಾಲಿಡೋ ಮುಂಚೆ ಕೋಲಿಂದ ಚುಚ್ಚಿ ನೋಡಬೇಕು. ಕೊಳವೆ ಹೊಡೆಯುವಾಗ ಅಥವಾ ಕೀಳುವಾಗ ಸಂದಿಯಿಂದ ಹಬೆ ಬಂದರೆ ಮುಖ ಬಗ್ಗಿಸಬೇಡಿ. ಕೊಳೆತ ಮೊಟ್ಟೆಯ ವಾಸನೆ ಇದ್ದು ಇದ್ದಕ್ಕಿದ್ದಂತೆ ಬರದೇ ಹೋದರೆ ಅನಿಲ ಕಡಿಮೆ ಆಯ್ತು ಅಂತಲ್ಲ, ಮೂಗು ಸೋತಿದೆ ಅಂತ.

ಪದವು
ಊರೊಳಗಾದರೆ ಕುಡಿಯೋ ನೀರಿನ ಪೈಪು, ಬೋರ್‌ವೆಲ್‌ನ ಕೇಬಲ್. ತೋಟದಲ್ಲಿ ಕೇಬಲ್ ಅರ್ಧ ಮೀಟರ್ ಆಳದಲ್ಲಿ ಯಾವ ನಕ್ಷೆಯೂ ಇಲ್ಲದೆ ಮಲಗಿರುತ್ತೆ. ತೋಟದವರನ್ನೇ ಜೊತೆಗೆ ಕರ್ಕೊಂಡು ಹೋಗಿ.

ಕುಮಾರಧಾರೆ
ಸರಿ, ಗ್ರಿಡ್ ಬಿಟ್ಟೆ. ತಿದ್ದಿದ ಪ್ಲಾನ್ ಹೇಳ್ತೇನೆ, ಬಯ್ಯಿರಿ. ಮೇ ಬಿಟ್ಟು, ಮಳೆಗೆ ಬಹಳ ಮುಂಚೆಯೇ, ಫೆಬ್ರುವರಿ ಕೊನೆಯಿಂದ ಮಾರ್ಚ್ ಮಧ್ಯದೊಳಗೆ. 14 ಮಿಮೀ ಉಕ್ಕಿನ ಕೊಳವೆ 8, ಬಾಡಿಗೆ ಬ್ರೇಕರ್, ತಿದ್ದಿದ ಡಿಎಸ್18ಬಿ20. ತೀರ್ಥದ ಮೂಲಕ ಹಾದು ಹೋಗೋ ಎರಡು ಅಡ್ಡಗೆರೆ, 20 ಮೀಟರ್‌ಗೆ ಒಂದು ಪಾಯಿಂಟ್, ಗೆರೆಗೆ 25. ಪ್ರತಿ ಪಾಯಿಂಟ್‌ನಲ್ಲಿ 1, 1.5, 2 ಮೀಟರ್.

ಗ್ನೈಸ್ ಗೌರಿ
ಈಗ ಸರಿಯಾಯ್ತು. ಮೂರು ಆಳ ಅಳೆಯೋದು ಬಹಳ ಮುಖ್ಯ. ಮಾರ್ಚ್‌ನಲ್ಲಿ ಬಿಸಿಲಿನ ಬಿಸಿ ಮೇಲಿಂದ ಇಳೀತಿರುತ್ತೆ, ಹಾಗಾಗಿ ಮಾಮೂಲಿ ನೆಲದಲ್ಲಿ 1 ಮೀಟರ್ 2 ಮೀಟರ್‌ಗಿಂತ ಬೆಚ್ಚಗಿರಬೇಕು. ಎಲ್ಲಾದರೂ 2 ಮೀಟರ್ ಹೆಚ್ಚು ಬೆಚ್ಚಗಿದ್ದರೆ ಅಲ್ಲಿ ಕೆಳಗಿನಿಂದ ಏನೋ ಬರ್ತಿದೆ. ಈ ತಿರುವು ತೋಟಕ್ಕೂ ಪದವಿಗೂ ಅಷ್ಟಾಗಿ ಬದಲಾಗಲ್ಲ, ನೇರ ಉಷ್ಣತೆಗಿಂತ ನಂಬಬಹುದು.

ಗೆರೆಯನ್ನ ಆದಷ್ಟು ಒಂದೇ ಥರದ ನೆಲದಲ್ಲಿ ಎಳೆಯಿರಿ. ಆಗದಿದ್ದರೆ ತೋಟದ ಪಾಯಿಂಟ್‌ಗಳನ್ನ ತೋಟದ ಜೊತೆ, ಬೋಳು ನೆಲದ್ದನ್ನ ಬೋಳಿನ ಜೊತೆ ಮಾತ್ರ ಹೋಲಿಸಿ. ಎರಡಕ್ಕೂ ಒಂದೊಂದು ಬೇಸ್ ಸ್ಟೇಷನ್, ತೀರ್ಥದಿಂದ ಅರ್ಧ ಕಿಮೀ ಆಚೆ, ದಿನಾ ಬೆಳಿಗ್ಗೆ ಓದಬೇಕು. ನೀರು ಬಿಡೋ ತೋಟವಾದರೆ ಯಾವಾಗ ಬಿಟ್ಟರು ಅಂತ ಬರೆದಿಡಿ.

ಒರತೆ
ಪಾಯಿಂಟ್ ಒಂದಕ್ಕೆ ಮಕ್ಕಳು ಬರೆಯಬೇಕಾದ್ದು: ಹೊಡೆದ ಹೊತ್ತು, ಓದಿದ ಹೊತ್ತು, ಯಾವ ಸೆನ್ಸರ್, ಮಣ್ಣಿನ ಬಣ್ಣ, ಕೊಳವೆ ಕಿತ್ತಾಗ ತುದಿ ಒದ್ದೆ ಇತ್ತಾ ಒಣಗಿತ್ತಾ, ನೆರಳು ಎಷ್ಟು, ಇಳಿಜಾರಿನ ಮುಖ. ತುದಿ ಒದ್ದೆ ಅನ್ನೋ ಒಂದು ಪದ ಇಲ್ಲದಿದ್ದರೆ ಆಮೇಲೆ ನೀರಿನ ಮಟ್ಟ ತಾಕಿದ ಪಾಯಿಂಟ್ ಯಾವುದು ಅಂತ ಗೊತ್ತಾಗಲ್ಲ. ಅಲ್ಲಿನ ಓದು ಮಣ್ಣಿಂದಲ್ಲ, ಅಡ್ಡ ಹರಿಯೋ ನೀರಿಂದು.

ಅದರ ಜೊತೆ ಸುತ್ತಲಿನ ಪಂಪ್ ಇಲ್ಲದ ಬೋರ್‌ವೆಲ್ ಸಿಕ್ಕರೆ ಬಿಡಬೇಡಿ. ತಂತಿಗೆ ಮೀಟರ್ ಗುರುತು ಹಾಕಿ, ಸೆನ್ಸರ್ ಇಳಿಸುತ್ತಾ 5 ಮೀಟರ್‌ಗೊಂದು ಓದು. ಇಳಿಸುತ್ತಲೇ ಓದಬೇಕು, ಎಳೆಯುವಾಗ ನೀರು ಕಲಕಿರುತ್ತೆ. 100 ಮೀಟರ್‌ನಲ್ಲಿ 1–1.3 ಡಿಗ್ರಿಗಿಂತ ಹೆಚ್ಚು ಏರಿದರೆ ಅದು ನಿಮ್ಮ 50 ಕೊಳವೆಗಿಂತ ದೊಡ್ಡ ಸುದ್ದಿ.

ಧಾರವಾಡ ಶಿಸ್ಟ್
ಈಗ ಹಾದಿಗೆ ಬಂದ್ರಿ ನೋಡ್ರಿ ಸರ್ರ. ಮೊದಲನೇ ಗೆರಿ ತೀರ್ಥದಿಂದ ಶುರು ಮಾಡ್ರಿ, ಬಿಸಿ ಗೊತ್ತಿರೂ ಕಡಿಂದ. ಅಲ್ಲೇ ಕಾಣಲಿಲ್ಲ ಅಂದ್ರ ಎರಡನೇ ಗೆರಿ ಹೊಡಿಯೂದು ದಂಡ.

ಬರೀ ಓದುಗ
2 ಮೀಟರ್ ಆಳ ಹೋದ ಕೊಳವೆ ಕೀಳೋದು ಹೇಗೆ? ಯಾರೂ ಹೇಳಲೇ ಇಲ್ಲ.

ಪದವು
ಕೀಳುವ ಮೊದಲು ಪೈಪ್ ರೆಂಚ್‌ನಲ್ಲಿ ಅರ್ಧ ಸುತ್ತು ತಿರುಗಿಸಿ ಮಣ್ಣು ಬಿಡಿಸಿ. ಆಮೇಲೆ ಕೊಳವೆಗೆ ಕ್ಲ್ಯಾಂಪ್ ಬಿಗಿದು ಅದರ ಕೆಳಗೆ ಜೀಪಿನ ಉದ್ದ ಜಾಕಿ ಕೊಟ್ಟು ಎತ್ತಿ. ಜಾಕಿ ಅಡಿಗೆ ಹಲಗೆ ಇಡಿ, ಇಲ್ಲದಿದ್ದರೆ ಕೊಳವೆ ಬರೋ ಬದಲು ಜಾಕಿ ನೆಲಕ್ಕೆ ಇಳಿಯುತ್ತೆ. ಸುತ್ತಿಗೆಯಿಂದ ಅಡ್ಡಡ್ಡ ಬಡಿದು ಸಡಿಲ ಮಾಡೋಕೆ ಹೋಗಬೇಡಿ, ಕೊಳವೆ ಬಾಗಿದರೆ ಮುಂದಿನ ಪಾಯಿಂಟ್‌ನಲ್ಲಿ ಸೆನ್ಸರ್ ಒಳಗೇ ಸಿಕ್ಕಿಕೊಳ್ಳುತ್ತೆ.

ಮಿಲಿಓಮ್
ಅದಕ್ಕೂ ಮೊದಲು ಸೆನ್ಸರ್ ಹೊರಗೆ ತೆಗೆದಿದ್ದೀರಾ ಅಂತ ನೋಡಿ.

ಕುಮಾರಧಾರೆ
ಬರೆದುಕೊಂಡೆ. ಎಲ್ಲಕ್ಕಿಂತ ಮೇಲೆ ಅದನ್ನೇ ಬರೆದುಕೊಂಡೆ.